ಸಾಕೆನ್ನದ ತುತ್ತು

ಚನ್ನವೀರ ತೀರಿಕೊಂಡು ವರ್ಷ ಕಳೆದಿತ್ತು. ಆದರೂ ದಿನಾ ಸಂಜೆ ಚಹಾದ ಹೊತ್ತಿಗೆ ಆತ ಗಿರ್ಮಿಟ್ ತಿನ್ನುತ್ತಿದ್ದ. ಪುಣೆಯ ಕಾರ್ಖಾನೆಯ ಗೇಟಿನೆದುರು, ಬೆಂಗಳೂರಿನ ಮೆಟ್ರೋ ರೈಲಿನಲ್ಲಿ, ಮಸ್ಕತ್ತಿನ ಕಟ್ಟಡ ಕೆಲಸದವರ ಕೋಣೆಗಳಲ್ಲಿ ಜನ ನಾಲಗೆಯ ಮೇಲೆ ಉಗುರಿನಷ್ಟಗಲದ ಪಟ್ಟಿಯೊಂದನ್ನು ಅಂಟಿಸಿಕೊಂಡು, ಫೋನು ಒತ್ತಿ, ಕಣ್ಣು ಮುಚ್ಚುತ್ತಿದ್ದರು. ಹುಬ್ಬಳ್ಳಿಯ ಭಟ್ಟಿ ಚುರುಮುರಿ, ಹುಣಸೆ ಬೆಲ್ಲದ ಗೊಜ್ಜು, ಹಸಿ ಉಳ್ಳಾಗಡ್ಡಿ, ಪುಠಾಣಿ ಹಿಟ್ಟು, ನಡುವೆ ಕಚಕ್ಕನೆ ಕಡಿದ ಹುರಿದ ಮೆಣಸಿನಕಾಯಿ. ಅಷ್ಟು ಹೊತ್ತು ಅವರ ಬಾಯಿ ಚನ್ನವೀರನ ಬಾಯಾಗಿರುತ್ತಿತ್ತು.

ಆತ ಸತ್ತಿದ್ದಾನೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಹೇಳಬಹುದಾಗಿದ್ದವಳು ನೀಲಾಂಬಿಕಾ. ಅವಳು ಆತನ ಹೆಂಡತಿ. ‘ಗಂಡುಮೆಟ್ಟು ಗಿರ್ಮಿಟ್’ ಕಂಪನಿಯ ಪೋಸ್ಟ್‌ಗಳನ್ನು ಸಿದ್ಧಮಾಡುತ್ತಿದ್ದವಳೂ ಅವಳೇ. ಧಾರವಾಡದಲ್ಲಿ ಎಂ.ಎ. ಮಾಡಿ ಬಂದವಳು ಉದ್ದ ಬರೆಯುತ್ತಿರಲಿಲ್ಲ. ‘ಖಾರ ನಮ್ಮದು, ಕಣ್ಣೀರು ನಿಮ್ಮದು’ ಎಂಬ ನಾಲ್ಕು ಪದ ಅವಳದು. ಅದು ಆಟೋಗಳ ಹಿಂದೆ ಏರಿತು, ಅಂಗಿಗಳ ಮೇಲೆ ಅಚ್ಚಾಯಿತು, ಬೀಗರೊಡನೆ ಜಗಳ ಬಿದ್ದಾಗ ಜನ ಆಡುವ ಮಾತಾಯಿತು. ಬೆಂಗಳೂರಿನವರನ್ನು ಕೆಣಕಲು ‘ಉಪ್ಪಿಟ್ಟಿನ ಮಂದಿಗೆ ನಮಸ್ಕಾರ’ ಎಂದು ಬರೆದಾಗ ಅಲ್ಲಿಂದ ಬೈಗುಳಗಳು ಬಂದವು, ಬೈದವರೆಲ್ಲ ಪಟ್ಟಿ ತರಿಸಿಕೊಂಡು ತಿಂದರು.

ಪಟ್ಟಿಯ ಹಿಂದಿನ ವಿದ್ಯೆ ಈಗ ಶಾಲೆಯ ಮಕ್ಕಳಿಗೂ ಗೊತ್ತು. ಮೊದಮೊದಲು ವಿಜ್ಞಾನಿಗಳು ಹುಳಿ, ಸಿಹಿ, ಖಾರಗಳನ್ನು ಬೇರೆಬೇರೆಯಾಗಿ ವಿದ್ಯುತ್ತಿನಲ್ಲಿ ಕಟ್ಟಿ ನಾಲಗೆಗೆ ಕಳಿಸಿದ್ದರು. ಜನ ಉಗುಳಿದರು. ರುಚಿ ಎಂಬುದು ನಾಲಗೆಯೊಂದರಲ್ಲೇ ಹುಟ್ಟುವುದಿಲ್ಲ. ದವಡೆಯ ಲಯ, ಗಂಟಲ ಹಿಂದಿನಿಂದ ಮೂಗಿಗೇರುವ ವಾಸನೆ, ಹೊಟ್ಟೆ ಕಾಯುವ ರೀತಿ, ಎಲ್ಲ ಸೇರಬೇಕು. ಅಂದರೆ ಯಾರಾದರೊಬ್ಬ ಜೀವಂತ ಮನುಷ್ಯ ಕೂತು ಉಣ್ಣಬೇಕು. ಆತನ ನಾಲಗೆಗೆ ಸಣ್ಣ ಜಾಳಿಗೆ, ಕೊರಳಿಗೆ ಪಟ್ಟಿ, ಹೊಟ್ಟೆಯ ಮೇಲೆ ಅಂಗೈಯಗಲದ ಬಿಲ್ಲೆ. ನರಗಳಲ್ಲಿ ಹರಿದದ್ದನ್ನು ಹಾಗೆಹಾಗೇ ಹಿಡಿದಿಟ್ಟರೆ ಅದು ಒಂದು ‘ತುತ್ತು’. ಉಣ್ಣುವವನನ್ನು ಕಂಪನಿಗಳು ‘ಬಾಯಿ’ ಎಂದು ಕರೆಯುತ್ತಿದ್ದವು.

ಎಲ್ಲರ ಬಾಯೂ ಇದಕ್ಕೆ ಒಗ್ಗುವುದಿಲ್ಲ. ಕೆಲವರು ಉಣ್ಣುವಾಗ ಬೇರೇನನ್ನೋ ಯೋಚಿಸುತ್ತಾರೆ. ಅದೂ ಸಪ್ಪೆಯಾಗಿ ಹರಿದುಬರುತ್ತದೆ. ಚನ್ನವೀರ ಉಣ್ಣುವಾಗ ಬರೀ ಉಣ್ಣುತ್ತಿದ್ದ. ಚುರುಮುರಿಯಲ್ಲಿ ಭಟ್ಟಿಯ ಉಸುಕಿನ ಹರಳು ಇದ್ದೀತೆಂದು ಮೊದಲು ಮೆಲ್ಲಗೆ ಕಡಿಯುವನು, ಆಮೇಲೆ ಧೈರ್ಯವಾಗಿ. ಕೊನೆಯಲ್ಲಿ ತಟ್ಟೆ ದೂಡುವ ಮುಂಚೆ ಆತನ ಹೊಟ್ಟೆಯಿಂದ ಮೇಲಕ್ಕೆ ನಿಧಾನವಾಗಿ ಒಂದು ಸಂದೇಶ ಏರುತ್ತಿತ್ತು. ಯಂತ್ರದ ತೆರೆಯ ಮೇಲೆ ಅದು ಇಳಿಜಾರಿನ ಗೆರೆಯಾಗಿ ಕಾಣುತ್ತಿತ್ತು. ಅದಕ್ಕೆ ಆಫೀಸಿನಲ್ಲಿ ಎಲ್ಲರೂ ಇಟ್ಟ ಹೆಸರು ‘ಸಾಕು’.

ಡೆಂಗಿ ಜ್ವರವೆಂದು ಆಸ್ಪತ್ರೆಗೆ ಹೋದವನು ಮರಳಿ ಬರಲಿಲ್ಲ. ಆಗಲೇ ಹಿಡಿದಿಟ್ಟ ತುತ್ತುಗಳು ಬೇಕಾದಷ್ಟಿದ್ದವು. ನೀಲಾ ದಿನಕ್ಕೊಂದನ್ನು ಆರಿಸಿ, ಒಂದು ಸಾಲು ಬರೆದು, ಬಿಡುಗಡೆ ಮಾಡುತ್ತಿದ್ದಳು. ಆರಿಸುತ್ತಿದ್ದದ್ದು ಗೆರೆಗಳನ್ನು ನೋಡಿ. ತನ್ನ ನಾಲಗೆಯ ಮೇಲೆ ಆಕೆ ಒಂದು ಸಲವೂ ಪಟ್ಟಿ ಇಟ್ಟುಕೊಂಡಿರಲಿಲ್ಲ. ಯಾಕೆಂದು ಯಾರೂ ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ.

ಉಣಕಲ್ಲಿನ ಮನೆಯಲ್ಲಿ ಅತ್ತೆ ಬಸಲಿಂಗವ್ವನದು ಬೇರೆಯೇ ನೇಮ. ಸಂಜೆಯ ಚಹಾದ ಹೊತ್ತಾಗುತ್ತಲೇ ಆಕೆ ಕಾಲು ಮುಖ ತೊಳೆದು, ಬಾಗಿಲಿಗೆ ಮುಖ ಮಾಡಿ ಹೊರಸಿನ ಮೇಲೆ ಕೂರುತ್ತಿದ್ದಳು. ಪಟ್ಟಿಯನ್ನು ನಾಲಗೆಗೆ ಇಟ್ಟುಕೊಳ್ಳುವುದನ್ನು, ಫೋನು ಒತ್ತುವುದನ್ನು ಒಂದೇ ದಿನದಲ್ಲಿ ಕಲಿತಿದ್ದಳು. ಕಣ್ಣು ಮುಚ್ಚಿ, ದವಡೆ ಆಡಿಸಿ, ಕೊನೆಗೆ ಸಣ್ಣಗೆ ತೇಗಿ, “ಉಂಡಾ” ಎನ್ನುತ್ತಿದ್ದಳು. ಆಮೇಲೆಯೇ ರೊಟ್ಟಿಗೆ ಕೂರುವುದು. ಮಗ ಬದುಕಿದ್ದಾಗಲೂ ಹಾಗೇ. ಅವನು ಉಣ್ಣದೆ ಆಕೆ ಉಂಡವಳಲ್ಲ. ಅವನು ಸತ್ತ ಮೊದಲ ತಿಂಗಳು ಆಕೆ ಅನ್ನ ಮುಟ್ಟದೆ ಕಡ್ಡಿಯಾಗಿದ್ದಳು. ಬದುಕಿಸಿದ್ದು ಪಟ್ಟಿ. ಅದು ನೀಲಾಗೂ ಗೊತ್ತಿತ್ತು, ಓಣಿಗೂ ಗೊತ್ತಿತ್ತು.

ಕಂಪನಿಯ ಮಾಲೀಕ ರುದ್ರಪ್ಪ ಉಳ್ಳಾಗಡ್ಡಿ. ಅಡ್ಡಹೆಸರೇ ಉಳ್ಳಾಗಡ್ಡಿಯಾದವನು ಗಿರ್ಮಿಟ್ ಮಾರದೆ ಮತ್ತೇನು ಮಾಡಬೇಕೆಂದು ಊರು ನಗುತ್ತಿತ್ತು, ಅವನೂ ನಗುತ್ತಿದ್ದ. ಹುಬ್ಬಳ್ಳಿ ಪೇಟೆಯ ದುರ್ಗದ ಬೈಲಿನಲ್ಲಿ ಗಿರ್ಮಿಟ್ ಗಾಡಿ ಇಟ್ಟು ಮೇಲೆ ಬಂದವನು. ಚನ್ನವೀರನ ಶವಕ್ಕೆ ಹೆಗಲು ಕೊಟ್ಟಿದ್ದ. ಅವನಿಗೆ ಒಂದೇ ಹಟ: ಪಟ್ಟಿಯ ರುಚಿಯಷ್ಟೇ ಅಲ್ಲ, ಹುಬ್ಬಳ್ಳಿಯ ಗಿರ್ಮಿಟ್ಟೇ ಮೈಸೂರು ದಾಟಬೇಕು, ಸಮುದ್ರ ದಾಟಬೇಕು. ಆದರೆ ಗಿರ್ಮಿಟ್ ಕಾಯುವ ತಿಂಡಿಯಲ್ಲ. ಕಲಸಿದ ಗಳಿಗೆಯಲ್ಲೇ ತಿನ್ನದಿದ್ದರೆ ಮೆತ್ತಗಾಗುತ್ತದೆ.

ರಾಜ್ಯೋತ್ಸವ ಹತ್ತಿರ ಬಂದಾಗ ಅವನು ಎಲ್ಲರನ್ನೂ ಗೋಕುಲ ರಸ್ತೆಯ ಆಫೀಸಿನ ದೊಡ್ಡ ಕೋಣೆಗೆ ಕರೆದು ಮೇಜಿನ ಮೇಲೆ ಕೆಂಪು ಹಳದಿ ಪ್ಯಾಕೆಟ್ಟುಗಳನ್ನು ಸುರುವಿದ. ತಿಂಗಳುಗಟ್ಟಲೆ ಮೆತ್ತಗಾಗದ ಗಿರ್ಮಿಟ್. ಚುರುಮುರಿಗೆ ಮೇಣದಂಥ ಲೇಪ, ಗೊಜ್ಜು ಪುಡಿಯಾಗಿ. ನೀಲಾ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಥರ್ಮಕೋಲಿಗೆ ಖಾರ ಹಚ್ಚಿದ ಹಾಗಿತ್ತು. ಕೋಣೆಯಲ್ಲಿ ಉಳಿದವರ ಮುಖ ನೋಡಿದರೆ ಅವರಿಗೂ ಹಾಗೇ ಅನಿಸಿತ್ತು.

ಉಳ್ಳಾಗಡ್ಡಿಗೂ ಅದು ಗೊತ್ತಿತ್ತು. ಅದಕ್ಕೇ ಅವನು ದಾದಾಪೀರನ ಕಡೆ ತಿರುಗಿದ. ದಾದಾಪೀರ ನದಾಫ್ ಪ್ರಯೋಗಾಲಯದ ಎಂಜಿನಿಯರ್, ಚನ್ನವೀರನ ಜೊತೆ ಬೆಳೆದವನು, ನೀಲಾಳನ್ನು ಸ್ವಂತ ಅತ್ತಿಗೆಯಂತೆ ವೈನಿ ಎಂದೇ ಕರೆಯುವವನು. ಆತ ತಲೆ ತಗ್ಗಿಸಿಕೊಂಡು ವಿವರಿಸಿದ. ಹೊಸದೊಂದು ಯಂತ್ರ ಬಂದಿದೆ, ಅದಕ್ಕೆ ‘ಹೆಣಿಗೆ’ ಎನ್ನುತ್ತಾರೆ. ಒಬ್ಬನ ಹಳೆಯ ತುತ್ತುಗಳನ್ನು ಅದಕ್ಕೆ ಉಣಿಸಿದರೆ ಅವನು ಎಂದೂ ತಿನ್ನದ್ದನ್ನು ತಿಂದಂತೆ ಹೊಸ ತುತ್ತು ಹೆಣೆದುಕೊಡುತ್ತದೆ. ಪ್ರತಿ ಪ್ಯಾಕೆಟ್ಟಿನೊಳಗೆ ಒಂದು ಪಟ್ಟಿ ಬರುತ್ತದೆ. ಬಾಯಲ್ಲಿ ಪ್ಯಾಕೆಟ್ ಗಿರ್ಮಿಟ್, ನಾಲಗೆಯ ಮೇಲೆ ಚನ್ನವೀರ. ಜನಕ್ಕೆ ಸಿಗುವುದು ದುರ್ಗದ ಬೈಲಿನ ರುಚಿ.

ನೀಲಾ ಕೇಳಿದ್ದು ಒಂದೇ. ಹಿಂದೊಮ್ಮೆ ಪ್ಯಾಕೆಟ್ಟಿನ ಮಾತು ಬಂದಾಗ ತನ್ನ ಗಂಡ ಏನೆಂದಿದ್ದನೆಂಬುದು ಅವರಿಗೆ ನೆನಪಿದೆಯೇ ಎಂದು. ಎಲ್ಲರಿಗೂ ನೆನಪಿತ್ತು. ಒಣ ಗಿರ್ಮಿಟ್ಟಿಗೆ ನನ್ನ ಬಾಯಿ ಬಾಡಿಗೆಗಿಲ್ಲ ಎಂದು ನಕ್ಕಿದ್ದ.

“ಅಂವ ಇದ್ದಿದ್ರ ನಾ ಕಾಲ ಹಿಡದು ಒಪ್ಪಸ್ತಿದ್ದೆ,” ಎಂದ ಉಳ್ಳಾಗಡ್ಡಿ. ಅವನ ಕಣ್ಣಲ್ಲಿ ನೀರಿತ್ತು, ಅದು ಸುಳ್ಳಿನದಲ್ಲ. “ಅಂವಾ ಇಲ್ಲ. ಅಂವನ ಹೆಸರರ ಉಳೀಲಿ ನೀಲಾ. ಹುಬ್ಬಳ್ಳಿ ನಾಲಿಗಿ ಅಂದ್ರ ಚನ್ನವೀರನ ನಾಲಿಗಿ ಅಂತ ದೇಶ ಅನ್ನಲಿ.”

ಕೆಲಸ ಅವಳಿಗೇ ಬಂತು. ರಾಜ್ಯೋತ್ಸವದ ಬೆಳಿಗ್ಗೆ ಬಿಡಬೇಕಾದ ಪೋಸ್ಟ್, ಅದಕ್ಕೊಂದು ಸಾಲು. ನಾಡಿನ ಅಭಿಮಾನ ಉಕ್ಕಬೇಕು, ಖಾರವೂ ಇರಬೇಕು.

ಮರುದಿನ ಅವಳು ಪ್ರಯೋಗಾಲಯಕ್ಕೆ ಹೋಗಿ ಹೊಸ ತುತ್ತಿನ ಗೆರೆಗಳನ್ನು ತೆರೆಯ ಮೇಲೆ ಹಾಕಿಸಿದಳು. ನಾಲಗೆಯ ಗೆರೆ ಚೆನ್ನಾಗಿತ್ತು. ದವಡೆಯದೂ ಚನ್ನವೀರನದೇ, ಮೊದಲು ಮೆಲ್ಲಗೆ, ಆಮೇಲೆ ಜೋರು. ಕೊನೆಯನ್ನು ನೋಡಿದಾಗ ಅವಳ ಬೆರಳು ನಿಂತಿತು. ಇಳಿಜಾರು ಇರಲಿಲ್ಲ. ಗೆರೆ ಎತ್ತರದಲ್ಲೇ ಓಡಿ ತೆರೆಯ ಅಂಚಿನಲ್ಲಿ ಕಡಿದಂತೆ ನಿಂತಿತ್ತು.

ಯಂತ್ರ ತಪ್ಪಿತೇ ಎಂದು ಕೇಳಿದಳು. ದಾದಾಪೀರ ಕುರ್ಚಿಯಲ್ಲಿ ಮಿಸುಕಾಡಿದ. ಯಂತ್ರ ತಪ್ಪಿರಲಿಲ್ಲ. ಸಾಕು ಎಂದವನು ಎದ್ದು ಹೋಗುತ್ತಾನೆ, ಸಾಕು ಎನ್ನದವನು ಇನ್ನೊಂದು ಪ್ಯಾಕೆಟ್ ಒಡೆಯುತ್ತಾನೆ. ಅದನ್ನು ತೆಗೆಸಿದ್ದು ಮಾಲೀಕರ ಅಪ್ಪಣೆ. ಒಂದು ಗೆರೆ ಅಷ್ಟೇ ವೈನಿ, ಎಂದ.

“ಪಟ್ಟಿ ಕೊಡ್ರಿ,” ಎಂದಳು ನೀಲಾ.

ಆತ ಅವಳ ಮುಖ ನೋಡಿದ. ಒಂದು ವರ್ಷದಲ್ಲಿ ಅವಳು ಅದನ್ನು ಕೇಳಿದ್ದು ಅದೇ ಮೊದಲು. ಕೊಟ್ಟ.

ಮೊದಲು ತಣ್ಣಗೆ ಏನೋ ತಾಗಿತು. ಆಮೇಲೆ ಚುರುಮುರಿ ಮುರಿಯಿತು. ಹುಣಸೆ ಬಂತು, ಅದರ ಹಿಂದೆಯೇ ಬೆಲ್ಲ. ಅವಳ ದವಡೆ ತಾನಾಗಿ ಎಡಕ್ಕೆ ವಾಲಿತು. ಚನ್ನವೀರನಿಗೆ ಬಲಗಡೆ ಒಂದು ಹಲ್ಲು ನೋಯುತ್ತಿತ್ತು, ತೋರಿಸಿಕೋ ಎಂದು ಅವಳು ಎಷ್ಟೋ ಸಲ ಬೈದಿದ್ದಳು. ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮೆಣಸಿನಕಾಯಿ ಕಡಿಯಿತು, ಮೂಗಿನಲ್ಲಿ ನೀರಾಡಿತು. ಇನ್ನೇನು ಮುಗಿಯಬೇಕು ಎನ್ನುವಾಗ ಮುಗಿಯಲಿಲ್ಲ. ಬಾಯಿ ಬರಿದಾಯಿತು, ಆದರೆ ಬಾಯಿ ತೆರೆದೇ ಇತ್ತು. ಹೊಟ್ಟೆಯ ತಳದಲ್ಲಿ ಯಾರೋ ಗೀರುತ್ತಿದ್ದಂತೆ, ಇನ್ನೂ ಬೇಕು, ಇನ್ನೂ ಬೇಕು.

ಅವಳು ಪಟ್ಟಿ ತೆಗೆದಿಟ್ಟು ಮನೆಗೆ ಬಂದಳು. ಆ ದಿನ ಎಂದಿಗಿಂತ ಎರಡು ರೊಟ್ಟಿ ಹೆಚ್ಚು ತಿಂದಳು. ಹಸಿವು ಅವಳದಾಗಿರಲಿಲ್ಲವಾದ್ದರಿಂದ ಅವಳು ತಿಂದದ್ದು ಅದಕ್ಕೆ ತಲುಪಲಿಲ್ಲ.

ಹೊಸ ತುತ್ತನ್ನು ನಿಲ್ಲಿಸುವ ದಾರಿ ಒಂದಿತ್ತು. ಪಟ್ಟಿಗಳು ಬಂದ ಮೇಲೆ ಸರ್ಕಾರ ಮಾಡಿದ್ದ ಬಾಯಿಹಕ್ಕು ಕಾಯ್ದೆಯ ಪ್ರಕಾರ ಸತ್ತವನ ತುತ್ತುಗಳಿಗೆ ಅವನ ಹೆಂಡತಿ ಮತ್ತು ತಾಯಿ ಹಕ್ಕುದಾರರು. ಇಬ್ಬರೂ ಬಂದು ಹೆಬ್ಬೆರಳು ಒತ್ತಿ ಒಪ್ಪಿಗೆ ಹಿಂತೆಗೆದುಕೊಂಡರೆ ಕಂಪನಿ ಎಲ್ಲವನ್ನೂ ಅಳಿಸಬೇಕು. ಎಲ್ಲವನ್ನೂ ಎಂದರೆ ಎಲ್ಲವನ್ನೂ. ಹೊಸದನ್ನು ಅಳಿಸಿ ಹಳೆಯದನ್ನು ಇಟ್ಟುಕೊಳ್ಳುವಂತಿಲ್ಲ. ಹಳೆಯದು ಉಳಿದರೆ ಅದರಿಂದ ಮುಂದೆಂದಾದರೂ ಹೊಸದನ್ನು ಹುಟ್ಟಿಸಬಹುದು ಎಂಬುದು ಕಾಯ್ದೆ ಮಾಡಿದವರ ಲೆಕ್ಕ.

ಅಂದರೆ ಅತ್ತೆಯ ಸಂಜೆಯೂ ಹೋಗುತ್ತದೆ.

ನೀಲಾ ಮುಚ್ಚಿಡಲಿಲ್ಲ. ಬಸಲಿಂಗವ್ವ ಅಂಗಳದಲ್ಲಿ ಕೂತು ಪುಂಡಿಪಲ್ಯ ಬಿಡಿಸುತ್ತಿದ್ದಳು. ಎದುರಿಗೆ ಕೂತು, ಸೊಪ್ಪಿಗೆ ಕೈ ಹಾಕಿ, ಪ್ಯಾಕೆಟ್ಟಿನ ವಿಷಯ, ಯಂತ್ರದ ವಿಷಯ, ಕಾಯ್ದೆಯ ವಿಷಯ, ಒಂದೊಂದಾಗಿ ಹೇಳಿದಳು. ಮುದುಕಿ ಕೈ ನಿಲ್ಲಿಸದೆ ಕೇಳಿಸಿಕೊಂಡಳು.

“ಸುಳ್ಳಾದ್ರೂ ಉಣ್ಣಲಿ ಬಿಡು,” ಎಂದಳು ಕೊನೆಗೆ. “ನಿನಗೇನ ತ್ರಾಸು?”

ಅವರು ತಿನ್ನದ್ದನ್ನು ತಿಂದಾರ ಅಂತ ಜನಕ್ಕ ಹೇಳೂದು ಸರಿ ಅಲ್ಲರೀ ಅತ್ತಿ, ಎಂದಳು ನೀಲಾ.

“ಸರಿ ತಪ್ಪು ನಿಮ್ಮ ಕಾಲೇಜಿನ್ಯಾಗ ಇಟ್ಕೋ. ನೀ ಒಂದಿನಾರ ಅವನ ಬಾಯಾಗ ಉಂಡಿಯೇನು? ಗೆರಿ ನೋಡಿ ಗಂಡನ್ನ ಕಳಸಾಕಿ. ಇರೂದೊಂದು ತುತ್ತು, ಅದನ್ನೂ ಕಸಗೊಳ್ಳಾಕ ಬಂದಿ.”

ಸೊಪ್ಪಿನ ದಂಟುಗಳನ್ನು ಬಾಚಿಕೊಂಡು ಎದ್ದು ಒಳಗೆ ಹೋದಳು. ನೀಲಾ ಅಂಗಳದಲ್ಲೇ ಕೂತಿದ್ದಳು. ಅತ್ತೆಯ ಮಾತಿನಲ್ಲಿ ಸುಳ್ಳಿರಲಿಲ್ಲವಾದ್ದರಿಂದ ಸಿಟ್ಟು ಬರಲಿಲ್ಲ. ಆದರೆ ಅವಳು ಪೋಸ್ಟಿಗೆ ಸಾಲು ಬರೆಯಲೂ ಇಲ್ಲ. ದಿನಾ ಬೆಳಿಗ್ಗೆ ಉಳ್ಳಾಗಡ್ಡಿಯ ಕೋಣೆಗೆ ಹೋಗಿ, ಇನ್ನೂ ಬರೆದಿಲ್ಲ, ಬರೆಯುವುದಿಲ್ಲ, ಬೇರೆಯವರಿಂದ ಬರೆಸಿ ಎಂದು ಹೇಳಿ ತನ್ನ ಜಾಗಕ್ಕೆ ಬಂದು ಕೂರುತ್ತಿದ್ದಳು. ಅವನು ಮೊದಲು ಸಮಾಧಾನ ಹೇಳಿದ, ಆಮೇಲೆ ಗದರಿದ, ಆಮೇಲೆ ಅವಳನ್ನು ನೋಡಿದರೆ ಫೋನು ಕಿವಿಗಿಟ್ಟುಕೊಳ್ಳತೊಡಗಿದ. ಕೆಲಸದಿಂದ ತೆಗೆಯುವ ಧೈರ್ಯ ಮಾಡಲಿಲ್ಲ. ಹಕ್ಕುದಾರಳ ಮುನಿಸು ಕಟ್ಟಿಕೊಳ್ಳುವ ಕಾಲ ಅದಾಗಿರಲಿಲ್ಲ.

ರಾಜ್ಯೋತ್ಸವಕ್ಕೆ ಕೆಲವು ದಿನ ಮುಂಚೆ ಕಂಪನಿ ಹೊಸ ತುತ್ತನ್ನು ಪರೀಕ್ಷೆಗೆಂದು ಹಳೆಯ ಅಭಿಮಾನಿಗಳ ಫೋನುಗಳಿಗೆ ಮಾತ್ರ ಬಿಟ್ಟಿತು. ದಿನ ತಪ್ಪದೆ ತಿನ್ನುವವರ ಸಾಲಿನಲ್ಲಿ ಮೊದಲ ಹೆಸರು ಬಸಲಿಂಗವ್ವನದೇ ಇತ್ತು.

ನೀಲಾ ಆ ಸಂಜೆ ಬೇಗ ಮನೆಗೆ ಬಂದಿದ್ದಳು. ಅತ್ತೆ ಹೊರಸಿನ ಮೇಲೆ ಕೂತು ಪಟ್ಟಿ ಇಟ್ಟುಕೊಂಡಳು, ಕಣ್ಣು ಮುಚ್ಚಿದಳು, ದವಡೆ ಆಡಿತು. ಮುಗಿದ ಮೇಲೆ ಕಣ್ಣು ತೆರೆಯದೆ ಕಾದಳು. ತೇಗು ಬರಲಿಲ್ಲ. ಉಂಡಾ ಎನ್ನಲಿಲ್ಲ. ಮತ್ತೊಮ್ಮೆ ಒತ್ತಿದಳು, ಇನ್ನೊಮ್ಮೆ ಒತ್ತಿದಳು. ದೀಪ ಹಚ್ಚುವ ಹೊತ್ತಾದರೂ ಎದ್ದಿರಲಿಲ್ಲ. ರೊಟ್ಟಿ ಬಡಿಸಲೇ ಎಂದು ನೀಲಾ ಕೇಳಿದ್ದಕ್ಕೆ, ತಡಿ, ಇನ್ನೂ ಅವಂದು ಆಗಿಲ್ಲ ಎಂದಳು.

ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ಮುದುಕಿ ಹೊರಸು ಬಿಟ್ಟು ಏಳಲಿಲ್ಲ. ರೊಟ್ಟಿ ತಟ್ಟೆಯಲ್ಲೇ ಒಣಗಿತು. ನೀಲಾ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅದು ಗೆದ್ದವರ ಮಾತಿನ ಹಾಗೆ ಕೇಳಿಸುತ್ತಿತ್ತು.

ಬೆಳಿಗ್ಗೆ ಅವಳು ರೊಟ್ಟಿ ತಟ್ಟುತ್ತಿದ್ದಾಗ ಬಸಲಿಂಗವ್ವ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಳು. ಕಣ್ಣು ಗುಳಿಬಿದ್ದಿದ್ದವು.

“ನನ್ನ ಮಗನ್ನ ಉಪಾಸ ಕೆಡವ್ಯಾರ,” ಎಂದಳು.

ನೀಲಾ ಕೈ ನಿಲ್ಲಿಸಿದಳು.

“ತಿಂದಷ್ಟೂ ಹಸೀತಾನ. ನಾ ಎಷ್ಟ ಹಾಕಿದ್ರೂ ಅವಗ ಸಾಕ ಆಗವಲ್ದು. ಜ್ವರದಾಗ ಸುದ್ದಾ ಎರಡ ಚಮಚಾ ಗಂಜಿ ಕುಡದು ಸಾಕವ್ವ ಅಂದ ಹುಡುಗ.” ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಮಹಾನವಮಿಗೆ ಎಡಿ ಇಡೂದು ಯಾತಕ್ಕ? ಸತ್ತವರು ಹಸದು ಇರಬಾರದಂತ. ಇವರು ದಿನಾ ಹಸಿಸ್ತಾರ, ಅದೂ ಊರ ಮಂದಿ ಬಾಯಾಗ.”

ಒಲೆಯ ಮೇಲಿನ ರೊಟ್ಟಿ ಸೀಯುತ್ತಿತ್ತು. ಅದನ್ನು ತೆಗೆದಿಟ್ಟು ನೀಲಾ ಹೇಳಬೇಕಾದ್ದನ್ನು ಮತ್ತೊಮ್ಮೆ ಹೇಳಿದಳು. ಹೆಬ್ಬೆರಳು ಒತ್ತಿದರೆ ಹಳೆಯವೂ ಹೋಗುತ್ತವೆ, ಆಮೇಲೆ ಕೇಳಿದರೂ ಬರುವುದಿಲ್ಲ.

“ಎಲ್ಲಾ?”

“ಎಲ್ಲಾರೀ ಅತ್ತಿ.”

ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, ಇವತ್ತು ಸಂಜೆ ಹಳೆಯದೊಂದನ್ನು ಹಾಕು, ಚಲೋದು ನೋಡಿ ಹಾಕು, ನಾಳೆ ಹೋಗೋಣ ಎಂದಳು. ಹೊರಟವಳು ತಿರುಗಿ, “ನೀನೂ ಕೂಡಬೇಕು,” ಎಂದಳು.

ಯಾವುದನ್ನು ಆರಿಸುವುದು? ನೀಲಾ ಆ ದಿನ ಆಫೀಸಿನ ಕೋಣೆಯಲ್ಲಿ ಕೂತು ಗೆರೆಗಳನ್ನು ನೋಡಿದಳು, ಒಂದೂ ಹೆಚ್ಚಲ್ಲ, ಒಂದೂ ಕಡಿಮೆಯಲ್ಲ. ಕೊನೆಗೆ ಕಣ್ಣಿಗೆ ಬಿದ್ದದ್ದು ಒಂದು ಕೆಟ್ಟ ತುತ್ತು. ಚನ್ನವೀರನಿಗೆ ನಡುವೆ ಬಿಕ್ಕಳಿಕೆ ಬಂದಿತ್ತು, ನೀರು ಕುಡಿದಿದ್ದ. ಪೋಸ್ಟಿಗೆ ಆಗುವುದಿಲ್ಲವೆಂದು ತಾನೇ ಬದಿಗಿಟ್ಟಿದ್ದಳು. ಅದನ್ನು ಇಬ್ಬರ ಫೋನಿಗೂ ಕಳಿಸಿದಳು.

ಸಂಜೆ ಹೊರಸಿನ ಮೇಲೆ ಅತ್ತೆ ಸೊಸೆ ಪಕ್ಕಪಕ್ಕ ಕೂತರು. ಬಿಕ್ಕಳಿಕೆ ಬಂದಾಗ ಇಬ್ಬರ ಎದೆಯೂ ಒಮ್ಮೆಗೇ ಎಗರಿತು. ಬಸಲಿಂಗವ್ವ ಕಣ್ಣು ಮುಚ್ಚಿಕೊಂಡೇ, ಯಾರೋ ನೆನಸ್ಯಾರ ನೋಡು ಅವಗ ಎಂದು ನಕ್ಕುಬಿಟ್ಟಳು. ಹಿತ್ತಾಳೆ ತಂಬಿಗೆಯ ನೀರಿನ ರುಚಿ ಹಾದುಹೋಯಿತು. ಮತ್ತೆರಡು ತುತ್ತು. ಆಮೇಲೆ ಹೊಟ್ಟೆಯ ಕೆಳಗಿನಿಂದ ಏನೋ ಬಿಸುಪು ಮೆಲ್ಲಗೆ ಏರಿ, ಎದೆ ತುಂಬಿ, ಗಂಟಲ ಬಳಿ ತಂಗಿ, ಬಾಯಿಯನ್ನು ತಾನಾಗಿ ಮುಚ್ಚಿಸಿತು. ವರ್ಷಗಟ್ಟಲೆ ಗೆರೆಯಾಗಿ ನೋಡಿದ್ದು ಇದು ಎಂದು ನೀಲಾಗೆ ಗೊತ್ತಾಯಿತು. ಕಣ್ಣು ತೆರೆದಾಗ ಕೆನ್ನೆ ಒದ್ದೆಯಾಗಿತ್ತು. ಮೆಣಸಿನಕಾಯಿಗೆ ಎಂದುಕೊಂಡರೂ ನಡೆಯುತ್ತಿತ್ತು.

“ಉಂಡಾ,” ಎಂದಳು ಬಸಲಿಂಗವ್ವ.

ಮರುದಿನ, ರಾಜ್ಯೋತ್ಸವದ ಹಿಂದಿನ ದಿನ, ಇಬ್ಬರೂ ಆಫೀಸಿಗೆ ಹೋದರು. ಪ್ರಯೋಗಾಲಯದಲ್ಲಿ ಕೆಂಪು ಹಳದಿ ಬಟ್ಟೆ ಕಟ್ಟುತ್ತಿದ್ದರು. ಉಳ್ಳಾಗಡ್ಡಿ ಓಡಿಬಂದು ಮುದುಕಿಯ ಕಾಲು ಹಿಡಿದ. ಸಾವಿರಾರು ಅಂಗಡಿಗಳಿಗೆ ಮಾಲು ಹೋಗಿದೆ, ನಾಳೆ ಬೆಳಕು ಹರಿದರೆ ಬಿಡುಗಡೆ, ಊರಿನ ಮಾನದ ಪ್ರಶ್ನೆ ಎಂದ. ಬಸಲಿಂಗವ್ವ ಅವನ ತಲೆ ಸವರಿದಳು. ಅವನು ಮಗನ ಶವ ಹೊತ್ತದ್ದನ್ನು ಆಕೆ ಮರೆತಿರಲಿಲ್ಲ.

“ರುದ್ರಪ್ಪಾ, ನಿನ್ನ ಗಾಡಿ ಮುಂದ ನಿಂತು ತಿಂದು ಅಂವ ಒಂದಿನಾ ಹಸದು ಮನಿಗೆ ಬಂದಿಲ್ಲ. ಅವತ್ತಿನ ರುದ್ರಪ್ಪ ಆಗಿದ್ರ ನೀ ಹಿಂಗ ಮಾಡ್ತಿದ್ದಿಲ್ಲ. ಏಳು.”

ಅವನು ಏಳಲಿಲ್ಲ. ಆಕೆ ಅವನನ್ನು ದಾಟಿಕೊಂಡು ಹೋಗಿ ಒಪ್ಪಿಗೆ ಯಂತ್ರದ ಗಾಜಿನ ಮೇಲೆ ಹೆಬ್ಬೆರಳು ಒತ್ತಿದಳು. ನೀಲಾ ತನ್ನದನ್ನು ಒತ್ತುವ ಮುಂಚೆ ದಾದಾಪೀರ ಅವಳ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ, ಒಂದು ತುತ್ತು ಬೇರೆ ಕಡೆ ತೆಗೆದಿಟ್ಟಿದ್ದೇನೆ, ಬಿಕ್ಕಳಿಕೆಯದು, ಯಾರಿಗೂ ಗೊತ್ತಾಗುವುದಿಲ್ಲ, ಮನೆಗೆ ಒಯ್ಯಿರಿ ಎಂದ. ಆತನ ಅಂಗೈಯಲ್ಲಿ ಅಕ್ಕಿಕಾಳಿನಷ್ಟು ಮೆಮೊರಿ ಚಿಪ್ ಒಂದಿತ್ತು.

ನೀಲಾ ಅದನ್ನು ನೋಡಿದಳು. ಅದಕ್ಕಿಂತ ಹೆಚ್ಚಿನದೇನನ್ನೂ ಅವಳು ಆ ಒಂದು ವರ್ಷದಲ್ಲಿ ಬಯಸಿರಲಿಲ್ಲ.

“ಒಂದು ತುತ್ತು ಇದ್ರ ಎಷ್ಟ ಹೆಣೀಬಹುದು?”

ದಾದಾಪೀರ ಅದನ್ನು ಬೆರಳಿನಿಂದ ಹೊರಳಿಸಿದ. “ಎಷ್ಟ ಬೇಕಾದ್ರೂ, ವೈನಿ.”

“ಹಂಗಾರ ಅದನ್ನೂ ಅಳಸ್ರಿ.”

ಆತ ಅಳಿಸಿದ. ಅವಳು ಹೆಬ್ಬೆರಳು ಒತ್ತಿದಳು. ತೆರೆಯ ಮೇಲಿನ ಗೆರೆಗಳು ಒಂದೊಂದಾಗಿ ಹೋದವು. ಸದ್ದೇನೂ ಆಗಲಿಲ್ಲ. ಹೊರಡುವ ಮುಂಚೆ ಅವಳು ತನ್ನ ಕುರ್ಚಿಗೆ ಹೋಗಿ, ಕಂಪನಿಯ ಖಾತೆ ತೆರೆದು, ಕೊನೆಯ ಪೋಸ್ಟ್ ಬರೆದಳು. ಅದರಲ್ಲಿ ಚಿತ್ರವಿರಲಿಲ್ಲ, ತುತ್ತಿರಲಿಲ್ಲ.

‘ಗಂಡುಮೆಟ್ಟಿನ ಬಾಯಿ ಚನ್ನವೀರ ತೀರಿಕೊಂಡು ವರ್ಷವಾಯಿತು. ನಿಮಗೆ ಹೇಳಿರಲಿಲ್ಲ. ಪ್ಯಾಕೆಟ್ಟಿನೊಳಗಿನದು ಆತನ ತುತ್ತಲ್ಲ. ಆತ ಉಂಡು, ಸಾಕು ಎಂದು ಹೋದ. ಅವನ ಹೆಂಡತಿ ನೀಲಾಂಬಿಕಾ, ಉಣಕಲ್.’

ಕಂಪನಿಯವರು ಸ್ವಲ್ಪ ಹೊತ್ತಿಗೇ ಅದನ್ನು ತೆಗೆದುಹಾಕಿದರು. ಅಷ್ಟರಲ್ಲಿ ಅದು ಹೋಗಬೇಕಾದಲ್ಲಿಗೆಲ್ಲ ಹೋಗಿತ್ತು.

ರಾಜ್ಯೋತ್ಸವದ ಬೆಳಿಗ್ಗೆ ಓಣಿಯ ತುದಿಯಲ್ಲಿ ಬಾವುಟ ಏರಿತು, ಮೈಕು ಕೂಗತೊಡಗಿತು. ಬಸಲಿಂಗವ್ವ ಹೊರಸಿನ ಮೇಲೆ ಮಲಗಿದ್ದಳು, ಮುಖ ಗೋಡೆಗಿತ್ತು. ಚಹಾ ಬೇಡವೆಂದಳು, ರೊಟ್ಟಿಯೂ ಬೇಡವೆಂದಳು. ಮೊದಲ ತಿಂಗಳಿನ ಹಾಗೇ ಆಗುತ್ತದೆಯೇ ಎಂದು ನೀಲಾ ಹೆದರಿದಳು. ಆದರೂ ಮಾಡಿದ್ದರ ಬಗ್ಗೆ ಅವಳಿಗೆ ಎರಡು ಮನಸ್ಸಿರಲಿಲ್ಲ. ಅತ್ತೆಯನ್ನು ಒಂದೊಂದೇ ತುತ್ತು ಉಣಿಸಿಯಾದರೂ ಬದುಕಿಸಿಕೊಳ್ಳುತ್ತೇನೆ ಎಂದುಕೊಂಡು ಗಂಜಿಗಿಟ್ಟಳು.

ಬಾಗಿಲಲ್ಲಿ ಯಾರೋ ಕೆಮ್ಮಿದರು. ಖಾಕಿ ಅಂಗಿ ತೊಟ್ಟ ಆಟೋದವನೊಬ್ಬ, ಅವನ ಹಿಂದೆ ತಲೆ ಮೇಲೆ ಸೆರಗು ಹೊದ್ದ ಹೆಂಡತಿ. ಚಪ್ಪಲಿ ಹೊರಗೆ ಬಿಟ್ಟು ಬಂದು ಗೋಡೆಗೆ ಒರಗಿ ಕೂತರು. ನೀಲಾ ಅವರನ್ನು ಎಂದೂ ಕಂಡಿರಲಿಲ್ಲ.

“ಮಾತಾಡಸಾಕ ಬಂದೀವ್ರಿ,” ಎಂದ ಆತ.

ಸಾವಾದ ಮನೆಗೆ ಹೋಗಿ ಕೂತು ಬರುವುದಕ್ಕೆ ಈ ಕಡೆ ಹಾಗೇ ಅನ್ನುತ್ತಾರೆ. ಬಸಲಿಂಗವ್ವ ಈಚೆ ಹೊರಳಿ ಎದ್ದು ಕೂತು, ಯಾರಪ್ಪಾ ನೀವು, ಯಾವ ಪೈಕಿ ಎಂದು ಕೇಳಿದಳು.

“ಪೈಕಿ ಏನಿಲ್ರೀ ಅಮ್ಮಾರ. ನಿಮ್ಮ ಮಗನ ಬಾಯಾಗ ಉಂಡವ್ರು. ತೀರಿದ್ದು ಗೊತ್ತಿದ್ದಿಲ್ಲ, ಅದಕ್ಕ ತಡಾ ಆತು.”

ಹೆಂಡತಿ ಮಡಿಲಿನಿಂದ ಬಟ್ಟೆಯ ಗಂಟು ತೆಗೆದು ಮುಂದಿಟ್ಟಳು. ಬುತ್ತಿ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ನಂಟರು ಕಟ್ಟಿ ತರುವ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಬಸಲಿಂಗವ್ವ ಗಂಟನ್ನೂ ಅವರ ಮುಖಗಳನ್ನೂ ನೋಡಿದಳು. ಅವರಿಗೆ ಹೇಗೆ ರುಚಿಸುತ್ತಿತ್ತು ಎಂದು ಕೇಳಿದಳು. ಆಟೋದವನು ಯೋಚಿಸಿ, ಮೊದಲ ತುತ್ತು ಹೆದರಿ ಕಡಿಯುತ್ತಿದ್ದ ಎಂದ. ಹೆಂಡತಿ, ಕಡೆಗೆ ಹೊಟ್ಟೆ ತುಂಬಿ ಅಳು ಬರುತ್ತಿತ್ತು ಎಂದಳು. ಮುದುಕಿ ತಲೆಯಾಡಿಸಿದಳು.

ಅವರು ಏಳುವ ಮುಂಚೆಯೇ ಮತ್ತಿಬ್ಬರು ಬಂದರು. ಧಾರವಾಡದ ಹಾಸ್ಟೆಲ್ಲಿನ ಹುಡುಗಿಯರು, ಡಬ್ಬಿಯಲ್ಲಿ ಗೋಧಿ ಬೆಲ್ಲದ ಮಾದಲಿ. ಗದಗಿನಿಂದ ಬಸ್ಸಿನಲ್ಲಿ ಬಂದ ಮೇಷ್ಟ್ರೊಬ್ಬರು, ಬರೀ ಬಾಳೆಹಣ್ಣು ತಂದೆನೆಂದು ಸಂಕೋಚಪಟ್ಟರು. ಬೆಂಗಳೂರಿನಿಂದ ಬಂದ ಒಬ್ಬ, ಉಪ್ಪಿಟ್ಟಿನ ಮಂದಿ ಎಂದು ಬೈಸಿಕೊಂಡವನಂತೆ, ಪುಳಿಯೋಗರೆ ಕಟ್ಟಿಸಿಕೊಂಡು ಬಂದಿದ್ದ. ಗೋಡೆಯ ಉದ್ದಕ್ಕೂ ಜನ ಕೂತರು.

ಬಸಲಿಂಗವ್ವ ಮೊದಲ ಗಂಟನ್ನು ಹತ್ತಿರಕ್ಕೆ ಎಳೆದುಕೊಂಡಳು. ಒಂದು ರೊಟ್ಟಿ ತೆಗೆದು, ಮುರಿದು, ಬದನೆಕಾಯಿ ಒತ್ತಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಖಾರ ಹೆಚ್ಚಾಗಿರಬೇಕು, ಕಣ್ಣು ಒರೆಸಿಕೊಂಡಳು. ಆಮೇಲೆ ಉಳಿದರ್ಧ ರೊಟ್ಟಿಯನ್ನು ಸೊಸೆಯ ಕೈಗಿಟ್ಟಳು.

“ತಿನ್ನು ನೀಲಾ,” ಎಂದಳು. “ಇನ್ನೂ ಮಂದಿ ಬರಾಕತ್ತಾರ.”